ಹಂಡೆ ಬಿಡಿ, ಗಾಣ ನೋಡಿ

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಊರು ಶ್ರೀರಂಗಪಟ್ಟಣ ತಾಲ್ಲೂಕು. ನಮ್ಮಮ್ಮನ ಸ್ವಸಹಾಯ ಸಂಘದಲ್ಲಿ 11 ಜನ ಹೆಂಗಸರು ಮಗ್ಗದ ಹತ್ತಿ ಬಟ್ಟೆ ತಂದು ಹಂಡೆಯಲ್ಲಿ ಬಣ್ಣ ಹಾಕಿ ಟವೆಲು, ಪಂಚೆ, ದುಪಟ್ಟ ಮಾರುತ್ತಾರೆ. ಬಣ್ಣ ತೇಪೆತೇಪೆಯಾಗಿ ಹಿಡಿಯುತ್ತದೆ. ಈ ಸಲ ಬಂದ ನೀಲಿ ಮುಂದಿನ ಸಲ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಯಂತ್ರಗಳಿಗೆ ಲಕ್ಷಗಟ್ಟಲೆ ಕೇಳುತ್ತಾರೆ. ಹಳೆ ವಾಷಿಂಗ್ ಮೆಷಿನ್ನಿನ ಡ್ರಮ್ಮು, 3 ಕಿಲೋವಾಟ್ ಹೀಟರ್, ಒಂದು ಆರ್ಡುಯಿನೊ (ಪುಟ್ಟ ಕಂಟ್ರೋಲ್ ಬೋರ್ಡು) ಇಟ್ಟು ನಾನೇ ಯಂತ್ರ ಮಾಡಿ, ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸುವ ಹಾಗೆ ಬಿಟ್ಟುಕೊಡಬೇಕು ಅಂತಿದ್ದೇನೆ. ನಕ್ಷೆ ಕಳಿಸಿದ್ದೇನೆ. ಸರಿಯಿದೆಯೇ?

ಉತ್ತರ: ನಕ್ಷೆ ನೋಡಿದೆ. ಗೆರೆ ಅಚ್ಚುಕಟ್ಟಾಗಿದೆ, ವೆಲ್ಡಿಂಗ್ ಗುರುತುಗಳೂ ಸರಿಯಾಗಿವೆ. ಆದರೆ ನೀವು ಬರೆದಿರುವುದು ಅಮ್ಮನ ಹಂಡೆಯನ್ನೇ ಮಲಗಿಸಿ, ಕರೆಂಟು ಕೊಟ್ಟು ತಿರುಗಿಸುವ ಯಂತ್ರ. ಹಂಡೆಯ ರೋಗಗಳೆಲ್ಲ ಅದಕ್ಕೂ ಬರುತ್ತವೆ, ಮೇಲೆ ಕರೆಂಟ್ ಬಿಲ್ಲು ಬೇರೆ. ಉಕ್ಕು ಕತ್ತರಿಸುವ ಮೊದಲು ಬಣ್ಣ ಯಾವುದು ಅಂತ ತೀರ್ಮಾನ ಮಾಡಿ. ಯಂತ್ರದ ಅರ್ಧ ವಿನ್ಯಾಸ ಅಲ್ಲೇ ಮುಗಿಯುತ್ತದೆ.

ಹತ್ತಿಗೆ ನಿಮ್ಮವರು ಹಾಕುತ್ತಿರುವುದು ರಿಯಾಕ್ಟಿವ್ ಬಣ್ಣ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಜಾತಿ ಇದು. ಹಳೆಯ ಡೈರೆಕ್ಟ್ ಬಣ್ಣಗಳು ನೂಲಿಗೆ ಸುಮ್ಮನೆ ಅಂಟಿಕೊಂಡಿರುತ್ತವೆ, ಒಗೆದಾಗ ಬಿಡುತ್ತವೆ. ರಿಯಾಕ್ಟಿವ್ ಹಾಗಲ್ಲ, ಕ್ಷಾರ (ನಮ್ಮ ಕೆಲಸಕ್ಕೆ ಸೋಡಾ ಆಶ್, ಅಂದರೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ) ಸಿಕ್ಕರೆ ಹತ್ತಿಯ ಜೊತೆ ರಾಸಾಯನಿಕವಾಗಿ ಕೂಡಿಕೊಂಡು ಅದರದ್ದೇ ಭಾಗವಾಗುತ್ತದೆ. ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ. 1937ರಲ್ಲಿ ಶುರುವಾದ ಇಲ್ಲಿನ ಅರಗು ಮತ್ತು ಬಣ್ಣದ ಕಾರ್ಖಾನೆಯ ಶಾಯಿಯನ್ನು 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುತ್ತಿದ್ದಾರಲ್ಲ, ಅದು ಸೋಪಿಗೆ ಯಾಕೆ ಹೋಗುವುದಿಲ್ಲ? ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆ ಸೇರಿ ಬದಲಾಗಿಬಿಡುತ್ತದೆ, ಆ ಚರ್ಮ ಸವೆದು ಹೋಗುವ ತನಕ ಅದೂ ಇರುತ್ತದೆ. ರಸಾಯನ ಬೇರೆ, ನ್ಯಾಯ ಒಂದೇ.

ಈ ಬಣ್ಣಗಳಲ್ಲೇ ಬಿಸಿ ಬೇಕಾದವು ಇವೆ, ಬೇಡದವು ಇವೆ. ಅಂಗಡಿಯಲ್ಲಿ ಕೋಲ್ಡ್ ಬ್ರಾಂಡ್ ಅಥವಾ ಎಂ ಬ್ರಾಂಡ್ ಅಂತ ಕೇಳಿ. 30 ಡಿಗ್ರಿ ಆಸುಪಾಸಿನಲ್ಲಿ, ಅಂದರೆ ನಮ್ಮ ಊರಿನ ಹವೆಯಲ್ಲೇ, ಹಿಡಿಯುತ್ತವೆ. ಎಚ್ ಬ್ರಾಂಡಿಗೆ 80 ಡಿಗ್ರಿ ಬೇಕು. ನಮಗೆ ಕೋಲ್ಡ್ ಬ್ರಾಂಡ್ ಸಾಕು, ಅಲ್ಲಿಗೆ ನಿಮ್ಮ ನಕ್ಷೆಯ ಹೀಟರು ಬೇಡವಾಯಿತು.

ಇನ್ನು ನೀರಿನ ಲೆಕ್ಕ. ಹಂಡೆಯಲ್ಲಿ ಒಂದು ಕೆಜಿ ಬಟ್ಟೆಗೆ ಸುಮಾರು 20 ಲೀಟರ್ ನೀರು ಹಿಡಿಯಿರಿ. 10 ಕೆಜಿ ಬಟ್ಟೆಗೆ 200 ಲೀಟರ್ ಆಯಿತು. ಅಷ್ಟು ನೀರಿನಲ್ಲಿ ತೇಲುತ್ತಿರುವ ಬಣ್ಣವನ್ನು ಬಟ್ಟೆಯ ಕಡೆ ತಳ್ಳಲು ಉಪ್ಪು ಹಾಕುತ್ತೀರಿ. ಲೀಟರಿಗೆ 50 ಗ್ರಾಂ ಅಂದರೂ 10 ಕೆಜಿ ಉಪ್ಪು. ಬಟ್ಟೆಯಷ್ಟೇ ತೂಕದ ಉಪ್ಪು! ಅದರಲ್ಲಿ ಒಂದು ಹರಳೂ ಬಟ್ಟೆಯಲ್ಲಿ ಉಳಿಯುವುದಿಲ್ಲ, ಅಷ್ಟೂ ಮೋರಿಗೆ. ಬಿಸಿ ಬಣ್ಣವಾದರೆ ಅದೇ 200 ಲೀಟರನ್ನು 25ರಿಂದ ಬರೀ 60 ಡಿಗ್ರಿಗೆ ತರಲೂ 8 ಯೂನಿಟ್ ಕರೆಂಟು, ನಿಮ್ಮ 3 ಕಿಲೋವಾಟ್ ಹೀಟರು ಎರಡೂ ಮುಕ್ಕಾಲು ಗಂಟೆ ಕೂಗಬೇಕು.

ಈಗ ಕಬ್ಬಿನ ಹಾಲಿನ ಗಾಡಿ ನೆನಪು ಮಾಡಿಕೊಳ್ಳಿ. ಎರಡು ರೋಲರು, ನಡುವೆ ಜಲ್ಲೆ. ಜಲ್ಲೆಯ ಬದಲು ಬಣ್ಣ, ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆ ಹೋಗಲಿ. ರೋಲರಿನಿಂದ ಆಚೆ ಬರುವಾಗ ಬಟ್ಟೆ ತನ್ನ ತೂಕದ ಮುಕ್ಕಾಲು ಪಾಲು ಮಾತ್ರ ದ್ರಾವಣ ಹಿಡಿದುಕೊಂಡಿರುತ್ತದೆ. 10 ಕೆಜಿ ಬಟ್ಟೆಗೆ ಏಳೂವರೆ ಲೀಟರು. ಬಣ್ಣ, ಸೋಡಾ ಎರಡೂ ಆಗಲೇ ನೂಲಿನ ಒಳಗಿರುವುದರಿಂದ ತಳ್ಳಲು ಉಪ್ಪು ಬೇಡ. ಒದ್ದೆ ಬಟ್ಟೆಯನ್ನು ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ರಾತ್ರಿ ಇಟ್ಟು ಬೆಳಿಗ್ಗೆ ಒಗೆಯಿರಿ. ಇದು ನನ್ನ ಸಂಶೋಧನೆಯಲ್ಲ, ದೊಡ್ಡ ಗಿರಣಿಗಳು ಕೋಲ್ಡ್ ಪ್ಯಾಡ್ ಬ್ಯಾಚ್ ಅಂತ ದಶಕಗಳಿಂದ ಮಾಡುತ್ತಿರುವುದೇ. ಅವರ ಯಂತ್ರ ದುಬಾರಿ, ಯಾಕೆಂದರೆ ಅದು ದಿನಕ್ಕೆ ಸಾವಿರಾರು ಮೀಟರ್ ಓಡಬೇಕು. ನಿಮ್ಮದು ಓಡಬೇಕಿಲ್ಲ.

ಮೊದಲ ಯಂತ್ರವಾಗಿ ಒಂದು ಪ್ಲಾಸ್ಟಿಕ್ ಕವರು ಸಾಕು. 50 ಗ್ರಾಂ ಬಟ್ಟೆ ತೂಗಿ. 100 ಮಿಲಿ ನೀರಿಗೆ 3 ಗ್ರಾಂ ಬಣ್ಣ ಕರಗಿಸಿ, ಕೊನೆಗೆ ಒಂದೂವರೆ ಗ್ರಾಂ ಸೋಡಾ ಆಶ್ ಹಾಕಿ. ಬಟ್ಟೆ ಅದ್ದಿ, ತೂಕ 100 ಗ್ರಾಮಿಗೆ ಇಳಿಯುವ ತನಕ ಹಿಂಡಿ. ಕವರಿನಲ್ಲಿಟ್ಟು ಗಾಳಿ ತೆಗೆದು ಕಟ್ಟಿ. ಬೆಳಿಗ್ಗೆ ತಣ್ಣೀರು, ಆಮೇಲೆ ಕುದಿಯುವ ಸೋಪಿನ ನೀರು, ಮತ್ತೆ ತಣ್ಣೀರು. ಕೈಯಲ್ಲಿ ಹಿಂಡಿದ್ದರಿಂದ ತೇಪೆ ಇರುತ್ತದೆ, ಅದನ್ನು ಬಿಡಿ. ಬಣ್ಣ ಗಟ್ಟಿ ನಿಂತಿದೆಯೇ ಅಷ್ಟು ನೋಡಿ. ದಿನಸಿ ಅಂಗಡಿಯ ಹರಳು ಸೋಡಾ ಬಳಸಬೇಡಿ, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಲೆಕ್ಕ ತಪ್ಪುತ್ತದೆ. ಬಣ್ಣ ಚೆನ್ನಾಗಿ ಕರಗಲಿ ಅಂತ ಕೆಲವರು ಯೂರಿಯಾ ಹಾಕುತ್ತಾರೆ. ಗದ್ದೆಗೆ ತಂದ ಮೂಟೆಗೆ ಕೈ ಹಾಕಬೇಡಿ. ಅದಕ್ಕೆ ಬೇವಿನ ಎಣ್ಣೆಯ ಲೇಪ ಇರುತ್ತದೆ, ಮೇಲಾಗಿ ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧ.

ಇಷ್ಟಕ್ಕೂ ತೇಪೆಗೆ ಹಂಡೆಯೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮಗ್ಗದಿಂದ ಇಳಿದ ಕೋರಾ ಬಟ್ಟೆಯ ಹಾಸಿನಲ್ಲಿ ಗಂಜಿ ಇರುತ್ತದೆ, ಹತ್ತಿಯಲ್ಲಿ ಹುಟ್ಟಿನಿಂದ ಬಂದ ಮೇಣ ಇರುತ್ತದೆ. ಬಟ್ಟೆಯನ್ನು ಹರವಿ, ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ಕೂತರೆ ಆ ಬಟ್ಟೆಗೆ ಯಾವ ಯಂತ್ರ ತಂದರೂ ಪ್ರಯೋಜನ ಇಲ್ಲ. ಎರಡು ಮೂರು ಸೆಕೆಂಡಿನಲ್ಲಿ ಕುಡಿಯಬೇಕು, ನಡುವಿನಲ್ಲೂ ಅಂಚಿನಲ್ಲೂ ಒಂದೇ ಥರ ಕುಡಿಯಬೇಕು. ಅದಕ್ಕಾಗಿ ಗಂಜಿ ಬಿಡಿಸಿ, ಲೀಟರಿಗೆ 5ರಿಂದ 10 ಗ್ರಾಂ ಸೋಡಾ ಆಶ್ ಮತ್ತು ಸೋಪು ಹಾಕಿ ಒಂದೆರಡು ಗಂಟೆ ಕುದಿಸಬೇಕು. ಇಡೀ ಕೆಲಸದಲ್ಲಿ ದೊಡ್ಡ ಉರಿ ಬೇಕಾಗುವ ಜಾಗ ಇದೊಂದೇ. ಅದಕ್ಕೆ ಕರೆಂಟು ಯಾಕೆ? ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಹಾಕಿ ಕೊಪ್ಪರಿಗೆ ಕುದಿಸುವುದನ್ನು ನೀವು ನೋಡಿಲ್ಲದೆ ಇರಲಾರಿರಿ. ಪಾತ್ರೆ ಮಾತ್ರ ಸ್ಟೇನ್‌ಲೆಸ್ ಇರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ, ಕಬ್ಬಿಣದ ತುಕ್ಕು ಬಟ್ಟೆಗೆ ಕಲೆ ಬಿಡುತ್ತದೆ.

ಇನ್ನು ಯಂತ್ರ. ಹೃದಯ ಅಂದರೆ ಎರಡು ರೋಲರು: ಕೆಳಗೆ ಸ್ಟೇನ್‌ಲೆಸ್ ಪೈಪು, ಮೇಲೆ ರಬ್ಬರ್ ಹೊದಿಸಿದ್ದು. ಕಬ್ಬಿನ ಗಾಡಿಯ ಹಲ್ಲಿನ ರೋಲರನ್ನೇ ತಂದುಬಿಡಬೇಡಿ, ತತ್ವ ಅಷ್ಟೇ ಅಲ್ಲಿಯದು. ಮುದ್ರಣದ ಪ್ರೆಸ್ಸುಗಳ ರೋಲರಿಗೆ ರಬ್ಬರ್ ಹೊದಿಸಿಕೊಡುವವರ ಹತ್ತಿರ ಹೋಗಿ, ಆದರೆ ಪ್ರೆಸ್ಸಿಗೆ ಹಾಕುವಷ್ಟು ಮೆತ್ತನೆಯದು ಬೇಡ, 70 ಶೋರ್ ಆಸುಪಾಸಿನ ಗಡಸು ಬೇಕು ಅನ್ನಿ. ನಿಮ್ಮ ಒಟ್ಟು ಖರ್ಚಿನಲ್ಲಿ ಚೌಕಾಸಿ ಮಾಡಬಾರದ ಜಾಗ ಇದು. ಉಳಿದದ್ದೆಲ್ಲ ಗುಜರಿಯಲ್ಲಿ ನಡೆಯುತ್ತದೆ.

ನಾನು ಮೊದಲ ಸಲ ಇಂಥದ್ದನ್ನು ಮಾಡಿದಾಗ 2 ಇಂಚಿನ ಪೈಪು ಹಾಕಿದ್ದೆ, 50 ಇಂಚು ಉದ್ದ. ಪಂಚೆಗಳೆಲ್ಲ ನಡುವೆ ಕಡುನೀಲಿ, ಎರಡೂ ಅಂಚಿಗೆ ತಿಳಿನೀಲಿ. ಬಣ್ಣ ಸರಿಯಿಲ್ಲ ಅಂದೆ, ನೀರು ಸರಿಯಿಲ್ಲ ಅಂದೆ, ನೇಯ್ದವರನ್ನೂ ಬಿಡಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಗಿರಣಿಯಲ್ಲಿ ಪ್ಯಾಡಿಂಗ್ ಯಂತ್ರ ನಡೆಸಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಒಂದು ಸಂಜೆ ಬಂದರು. ಮಾತಾಡದೆ ಒಂದು ಕಾರ್ಬನ್ ಪೇಪರು, ಒಂದು ಬಿಳಿ ಹಾಳೆ ಕೇಳಿದರು. ಪಟ್ಟಿಪಟ್ಟಿಯಾಗಿ ಹರಿದು ರೋಲರಿನ ಉದ್ದಕ್ಕೂ ಮಧ್ಯೆ ಸೇರಿಸಿ, ಒತ್ತಡ ಕೊಟ್ಟು ಬಿಡಿಸಿ ನನ್ನ ಮುಂದೆ ಹಿಡಿದರು. ಅಂಚಿನ ಹಾಳೆಗಳಲ್ಲಿ ಬೆರಳಗಲದ ಕಪ್ಪು ಪಟ್ಟೆ. ನಡುವಿನ ಹಾಳೆಯಲ್ಲಿ ಪೆನ್ಸಿಲ್ ಗೆರೆಯಷ್ಟು. ತುದಿಗಳನ್ನು ಒತ್ತಿದಾಗ ಪೈಪು ನಡುವೆ ಬಿಲ್ಲಿನ ಹಾಗೆ ಬಾಗಿ ಬಾಯಿ ಬಿಡುತ್ತಿತ್ತು, ಅಲ್ಲಿ ಹಿಂಡದೆ ಉಳಿದ ಬಣ್ಣವೇ ನನ್ನ ಕಡುನೀಲಿ. "ಸಾರ್, ಬಣ್ಣಕ್ಕೆ ಬೈಬ್ಯಾಡಿ, ಪೈಪಿಗೆ ಬೈರಿ" ಅಂದು ಟೀ ಕುಡಿದು ಹೋದರು.

ಗೋಡೆಯ ದಪ್ಪ ಅಷ್ಟೇ ಇಟ್ಟು ಪೈಪಿನ ಅಡ್ಡಳತೆ ಇಮ್ಮಡಿ ಮಾಡಿದರೆ ಬಾಗು ಸುಮಾರು 8ರಲ್ಲಿ 1 ಪಾಲಿಗೆ ಇಳಿಯುತ್ತದೆ. ಆದ್ದರಿಂದ 4 ಇಂಚಿಗಿಂತ ಕಡಿಮೆ ಬೇಡ. ಉದ್ದ ಅರ್ಧ ಮಾಡಿದರಂತೂ, ಇಂಚಿಗೆ ಬೀಳುವ ಒತ್ತಡ ಅಷ್ಟೇ ಇದ್ದಾಗ, ಬಾಗು 16ರಲ್ಲಿ 1 ಪಾಲು. ನನ್ನ ಮಾತು ಕೇಳುವುದಾದರೆ ಮೊದಲು 24 ಇಂಚಿನದು ಮಾಡಿ. ಟವೆಲಿಗೆ ಸಾಕು. ಪಂಚೆಯ ಅಗಲ ಎರಡನೆಯ ಯಂತ್ರಕ್ಕಿರಲಿ.

ಒತ್ತಡ ಕೊಡಲು ನೀವು ಸ್ಕ್ರೂ ಯೋಚಿಸಿರುತ್ತೀರಿ, ಎಲ್ಲರೂ ಅದನ್ನೇ ಯೋಚಿಸುವುದು. ಸ್ಕ್ರೂ ಬೇಡ. ಎಷ್ಟು ತಿರುಗಿಸಿದೆ ಅಂತ ನಾಳೆ ನೆನಪಿರುವುದಿಲ್ಲ, ದಪ್ಪ ಹೊಲಿಗೆ ಬಂದರೆ ಒತ್ತಡ ಏರಿ ಹೊಲಿಗೆ ದಾಟಿದ ಮೇಲೆ ಇಳಿಯುತ್ತದೆ. ಮೇಲಿನ ರೋಲರಿನ ಎರಡು ತುದಿಗೂ ಒಂದೊಂದು ಸನ್ನೆಗೋಲು ಹಾಕಿ, ಅದರ ಕೊನೆಗೆ ತೂಕದ ಕಲ್ಲು ನೇತುಹಾಕಿ. ಹೊಲಿಗೆ ಬಂದರೆ ರೋಲರು ತಾನೇ ಎದ್ದು ಕೂರುತ್ತದೆ, ಒತ್ತಡ ಮಾತ್ರ ಬದಲಾಗುವುದಿಲ್ಲ. ಮಳವಳ್ಳಿಯಲ್ಲಿ ಇನ್ನೊಬ್ಬರು ಇದೇ ಯಂತ್ರ ಮಾಡಿದಾಗ "ಎರಡು ಕಡೆಗೂ 10 ಕೆಜಿ, ಎರಡು ಅಡಿ ಕೋಲಿನ ತುದಿಯಲ್ಲಿ" ಅಂತ ನೀವು ಫೋನಿನಲ್ಲಿ ಹೇಳಬಹುದು. ಸ್ಕ್ರೂವಿಗೆ ಹಾಗೆ ಹೇಳಲು ಆಗುವುದಿಲ್ಲ.

ಬಣ್ಣದ ತೊಟ್ಟಿ ಆದಷ್ಟು ಚಿಕ್ಕದಿರಲಿ. ಸೋಡಾ ಬಿದ್ದ ಕ್ಷಣದಿಂದ ಬಣ್ಣ ನೀರಿನ ಜೊತೆಗೂ ಕೂಡಿಕೊಂಡು ಕೆಡಲು ಶುರುವಾಗುತ್ತದೆ. ದೊಡ್ಡ ತೊಟ್ಟಿ ತುಂಬಿಸಿಟ್ಟರೆ ಮೊದಲ ಟವೆಲಿಗೂ ಕೊನೆಯ ಟವೆಲಿಗೂ ಬಣ್ಣ ಬೇರೆ. 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತುದಿ ಮುಚ್ಚಿದರೆ ತೊಟ್ಟಿಯಾಯಿತು, ಒಳಗೆ ಬಟ್ಟೆಯನ್ನು ಮುಳುಗಿಸಲು 2 ಇಂಚಿನ ಪೈಪು. ಬಿಸಿ ಇಲ್ಲದ್ದರಿಂದ ಪಿವಿಸಿ ಸಾಕು. ಬಣ್ಣದ ನೀರು, ಸೋಡಾ ನೀರು ಬೇರೆ ಬೇರೆ ಜಗ್ಗಿನಲ್ಲಿಟ್ಟು, ಹತ್ತು ನಿಮಿಷಕ್ಕೆ ಬೇಕಾದಷ್ಟೇ ಬೆರೆಸುತ್ತಾ ಸುರಿಯಿರಿ.

ಮೋಟಾರಿಗೆ 1440 ಸುತ್ತಿನ ಅರ್ಧ ಎಚ್‌ಪಿ, ಅದಕ್ಕೆ 1:60 ವರ್ಮ್ ಗೇರ್‌ಬಾಕ್ಸು. ನಿಮಿಷಕ್ಕೆ 24 ಸುತ್ತು. 10 ಸೆಂಟಿಮೀಟರ್ ರೋಲರಿನಲ್ಲಿ ಅದು ಏಳೂವರೆ ಮೀಟರ್ ಬಟ್ಟೆ, ಐದೂವರೆ ಮೀಟರಿನ ಸೀರೆಗೆ ಒಂದು ನಿಮಿಷವೂ ಬೇಡ. ಇನ್ನೂ ಹೆಚ್ಚು ವೇಗದ ಆಸೆ ಬೇಡ. ಕಬ್ಬಿನ ಗಾಡಿಯಲ್ಲಿ ಕೈ ಕೊಟ್ಟವರ ಕಥೆ ಮಂಡ್ಯದವರಿಗೆ ನಾನು ಹೇಳಬೇಕೆ? ಈ ಯಂತ್ರದ ಮುಂದೆ ಕೂರುವವರು ಸೆರಗು ಹೊದ್ದವರು, ಬಳೆ ತೊಟ್ಟವರು. ರೋಲರಿನ ಬಾಯಿಗೆ ಬೆರಳು ಹೋಗದ ಹಾಗೆ ಅಡ್ಡಪಟ್ಟಿ, ಕಾಲು ತೆಗೆದ ಕೂಡಲೇ ನಿಲ್ಲುವ ಪೆಡಲು, ಒಂದು ಒದೆತಕ್ಕೆ ಮೇಲಿನ ರೋಲರು ಎದ್ದುಬಿಡುವ ಹಾಗೆ ಸನ್ನೆಗೋಲು, 30 ಮಿಲಿಆಂಪ್ ಕರೆಂಟು ಸೋರಿದರೆ ತಾನೇ ಬೀಳುವ ಸುರಕ್ಷಾ ಸ್ವಿಚ್ಚು (ಆರ್‌ಸಿಸಿಬಿ). ಇವು ನಾಲ್ಕೂ ಇಲ್ಲದ ನಕ್ಷೆಯನ್ನು ದಯವಿಟ್ಟು ಹಂಚಬೇಡಿ. ಬಣ್ಣದ ಪುಡಿ ತೂಗುವಾಗ ಮಾಸ್ಕ್ ಹಾಕಲಿ. ರಿಯಾಕ್ಟಿವ್ ಪುಡಿ ಉಸಿರಿಗೆ ಹೋಗುತ್ತಾ ಹೋದರೆ ಕೆಲವರಿಗೆ ಆಸ್ತಮಾ ಅಂಟಿಕೊಳ್ಳುತ್ತದೆ.

ಬಟ್ಟೆ ಸುತ್ತಿದ ಉರುಳೆಯನ್ನು ಹಾಗೇ ಬಿಟ್ಟರೆ ದ್ರಾವಣ ಕೆಳಕ್ಕೆ ಇಳಿದು ಒಂದು ಬದಿ ಗಾಢವಾಗುತ್ತದೆ. ನಿಮಿಷಕ್ಕೆ ನಾಲ್ಕೈದು ಸುತ್ತು ರಾತ್ರಿಯೆಲ್ಲ ತಿರುಗುತ್ತಿರಬೇಕು. ಗುಜರಿಯ ಕಾರಿನ ವೈಪರ್ ಮೋಟಾರು, ಸೈಕಲ್ ಚೈನು ಸಾಕು. ನಿಮ್ಮ ಆರ್ಡುಯಿನೊಗೆ ಕೆಲಸ ಸಿಗುವುದು ಇಲ್ಲಿ: ಇಷ್ಟು ಗಂಟೆ ತಿರುಗು, ನಿಲ್ಲು, ಆ ಹೊತ್ತಿನ ಹವೆ ಎಷ್ಟಿತ್ತು ಬರೆದಿಡು. ಹವೆ ಬರೆಯುವುದು ಶೋಕಿಗಲ್ಲ. ಡಿಸೆಂಬರಿನ ರಾತ್ರಿ ಚಳಿಗೆ ಬಣ್ಣ ಹಿಡಿಯುವುದು ನಿಧಾನ, ಏಪ್ರಿಲ್ ತಿಂಗಳ ಗಂಟೆ ಲೆಕ್ಕ ಆಗ ನಡೆಯುವುದಿಲ್ಲ. ಪ್ಲಾಸ್ಟಿಕ್ಕನ್ನು ಅಂಚಿನಲ್ಲಿ ಗಾಳಿಯಾಡದಂತೆ ಕಟ್ಟಿ, ಇಲ್ಲದಿದ್ದರೆ ಅಂಚು ಒಣಗಿ ಪೇಲವವಾಗುತ್ತದೆ.

ಒಂದು ಸಲದ ನೀಲಿ ಇನ್ನೊಂದು ಸಲ ಬರುವುದಿಲ್ಲ ಅಂದಿರಲ್ಲ, ಅದರ ಗುಟ್ಟು ಒಂದೇ ಅಂಕಿಯಲ್ಲಿದೆ. ಒಣ ಬಟ್ಟೆ ತೂಗಿ, ಹಿಂಡಿದ ಮೇಲೆ ತೂಗಿ. 100 ಗ್ರಾಂ ಬಟ್ಟೆ 175 ಆದರೆ ಪಿಕಪ್, ಅಂದರೆ ಬಟ್ಟೆ ಹಿಡಿದುಕೊಂಡ ದ್ರಾವಣ, ಶೇಕಡಾ 75. ಲೀಟರಿಗೆ 30 ಗ್ರಾಂ ಬಣ್ಣ ಇದ್ದರೆ ಕೆಜಿ ಬಟ್ಟೆಗೆ ಇಪ್ಪತ್ತೆರಡೂವರೆ ಗ್ರಾಂ ಬಣ್ಣ ಹೋಯಿತು. ನಾಳೆ ಪಿಕಪ್ 85 ಆದರೆ ಇಪ್ಪತ್ತೈದೂವರೆ. ಗಿರಾಕಿ ಕಣ್ಣಿಗೆ ಕಾಣುವ ವ್ಯತ್ಯಾಸ ಅದೇ. ಎಡ, ನಡು, ಬಲ, ಮೂರು ತುಂಡು ಕತ್ತರಿಸಿ ಬೇರೆ ಬೇರೆ ತೂಗಿ. ಮೂರೂ ಒಂದೇ ಬಂದ ದಿನ ಯಂತ್ರ ಮುಗಿಯಿತು ಅನ್ನಿ.

ನೀರಿನ ಬಗ್ಗೆ ಒಂದು ಖುಷಿಯ ಸಂಗತಿ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಡಾ ಬಿದ್ದರೆ ಸುಣ್ಣ ಒಡೆದು ಬಟ್ಟೆ ಮೇಲೆ ಚುಕ್ಕಿ ಕೂರುತ್ತದೆ. ಹಂಡೆಗೆ 200 ಲೀಟರ್ ಮೆದು ನೀರು ಎಲ್ಲಿಂದ ತರುತ್ತೀರಿ? ಈಗ ಬೇಕಾದದ್ದು ಎಂಟು ಹತ್ತು ಲೀಟರು. ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ನಾಣ್ಯ ಹಾಕಿ ಒಂದು ಕ್ಯಾನ್ ಹಿಡಿದುಕೊಂಡು ಬಂದರೆ ಆಯಿತು.

ಆದರೆ ಒಗೆದ ನೀರು? ಇಲ್ಲಿ ನಿಮಗೆ ಸ್ವಲ್ಪ ಬೇಜಾರು ಮಾಡಬೇಕು. ಬಟ್ಟೆಗೆ ಬಣ್ಣ ಹಾಕುವ ಕೆಲಸ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಕೆಂಪು ವರ್ಗಕ್ಕೆ, ಅಂದರೆ ಹೆಚ್ಚು ಮಾಲಿನ್ಯ ಮಾಡುವವುಗಳ ಗುಂಪಿಗೆ, ಸೇರುತ್ತದೆ. 1974ರ ಜಲ ಕಾಯ್ದೆಯಡಿ ಒಪ್ಪಿಗೆ ಪಡೆಯಬೇಕು. ಸುಣ್ಣ, ಫೆರಸ್ ಸಲ್ಫೇಟ್ ಹಾಕಿದರೆ ನೀರಿನ ಬಣ್ಣ ಕೆಳಗೆ ಕೂರುತ್ತದೆ, ಕರಗಿದ ಉಪ್ಪನ್ನು ಮಾತ್ರ ಯಾವುದೂ ಕೂರಿಸುವುದಿಲ್ಲ. ತಿರುಪ್ಪೂರಿನ ಕೆಳಗೆ ನೊಯ್ಯಲ್ ನದಿ ಹಾಳಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿದ್ದರ ಹಿಂದೆ ಬಣ್ಣಕ್ಕಿಂತ ಹೆಚ್ಚಾಗಿ ಇದ್ದದ್ದು ಈ ಉಪ್ಪೇ. ನಿಮ್ಮ ಯಂತ್ರದಿಂದ ಉಪ್ಪು ಹೋಯಿತು, ಸೋಡಾ ಮತ್ತು ಹಿಡಿಯದೆ ಉಳಿದ ಬಣ್ಣ ಹೋಗಿಲ್ಲ. ಒಗೆಯಲು ಸಾಲಾಗಿ ಮೂರು ಡ್ರಮ್ಮು ಇಡಿ. ಮೂರನೆಯದರ ನೀರು ನಾಳೆ ಎರಡನೆಯದಕ್ಕೆ, ಎರಡನೆಯದು ಮೊದಲನೆಯದಕ್ಕೆ. ಮೊದಲ ಡ್ರಮ್ಮಿನ ಗಾಢ ನೀರನ್ನು ಬಿಸಿಲಿನ ತೊಟ್ಟಿಗೆ ಹರಿಸಿ ಒಣಗಿಸಿ. ವಿ.ಸಿ. ನಾಲೆ ಹತ್ತಿರ ಇದೆ ಅಂತ ಆ ಕಡೆ ಪೈಪು ತಿರುಗಿಸಬೇಡಿ.

ಮುಕ್ತವಾಗಿ ಹಂಚುವ ವಿಚಾರ. ತೆಲಂಗಾಣದ ಚಿಂತಕಿಂದಿ ಮಲ್ಲೇಶಂ ಆಸು ಯಂತ್ರ (ಸೀರೆ ನೇಯುವ ಮೊದಲು ನೂಲನ್ನು ಗೂಟಗಳಿಗೆ ಸುತ್ತುವ ಯಂತ್ರ) ಮಾಡಿದ್ದು ತಾಯಿಯ ತೋಳು ನೋವು ನೋಡಲಾಗದೆ, ಅದಕ್ಕೆ ತಾಯಿಯ ಹೆಸರನ್ನೇ ಇಟ್ಟರು, 2017ರಲ್ಲಿ ಪದ್ಮಶ್ರೀ ಬಂತು. ಅವರು ಪೇಟೆಂಟಿನ ದಾರಿ ಹಿಡಿದರು, ಅದೂ ಸರಿಯೇ. ನೀವು ಮೊದಲೇ ಎಲ್ಲರ ಮುಂದೆ ಪ್ರಕಟಿಸಿದರೆ ಅದೇ ವಿನ್ಯಾಸಕ್ಕೆ ಆಮೇಲೆ ಬೇರೆಯವರಿಗೆ ಪೇಟೆಂಟ್ ಸಿಗಬಾರದು, ನಿಮಗೂ ಕಷ್ಟ. ತೀರ್ಮಾನ ಮಾಡಿಕೊಂಡೇ ಇಳಿಯಿರಿ. ಲೈಸೆನ್ಸಿಗೆ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆಯ ಮುಕ್ತ ಹಾರ್ಡ್‌ವೇರ್ ಲೈಸೆನ್ಸ್ ಚೆನ್ನಾಗಿದೆ. ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಬಿಟ್ಟುಕೊಡಬೇಕು ಅನ್ನುವ ಬಗೆಯೂ ಅದರಲ್ಲಿದೆ. ನಕ್ಷೆ ಫ್ರೀಕ್ಯಾಡ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿರಲಿ, ಆದರೆ ಅಷ್ಟಕ್ಕೇ ಬಿಡಬೇಡಿ. ಪಾಂಡವಪುರದ ಲೇತ್ ಅಂಗಡಿಯವರು ಫೈಲು ತೆರೆಯುವುದಿಲ್ಲ. ಇಂಚು, ನೂಲಿನ (ಇಂಚಿನ ಎಂಟನೇ ಒಂದು ಪಾಲು) ಅಳತೆ ಬರೆದ ಒಂದು ಕಾಗದ ಕೇಳುತ್ತಾರೆ, ಅದಕ್ಕೆ ಎಣ್ಣೆ ಕೈ ತಾಗಿದರೂ ಓದಲು ಬರಬೇಕು. ಸಾಮಾನಿನ ಪಟ್ಟಿಯಲ್ಲಿ ಅಂಗಡಿಯಲ್ಲಿ ಏನಂತ ಕೇಳಬೇಕೋ ಆ ಹೆಸರು ಬರೆಯಿರಿ. ಅದರ ಜೊತೆಗೆ ಪಿಕಪ್ ಪಟ್ಟಿ, ಕಾರ್ಬನ್ ಹಾಳೆಯ ಫೋಟೊ, ಕೆಟ್ಟ ಬಟ್ಟೆಯ ತುಂಡು ಯಾಕೆ ಕೆಟ್ಟಿತು ಅನ್ನುವ ಒಂದು ಸಾಲು. ನಾನು ನನ್ನ 2 ಇಂಚಿನ ಪೈಪಿನ ಕಥೆಯನ್ನು ಆಗಲೇ ಎಲ್ಲಾದರೂ ಬರೆದಿದ್ದರೆ ಇನ್ನೆಷ್ಟು ಜನರ ಪಂಚೆ ಉಳಿಯುತ್ತಿತ್ತೋ.

ರೇಷ್ಮೆಗೆ ಇದು ಆಗುತ್ತದೆಯೇ ಅಂತ ನಿಮ್ಮೂರಲ್ಲಿ ಖಂಡಿತ ಕೇಳುತ್ತಾರೆ. ಇಲ್ಲ. ರೇಷ್ಮೆಗೆ ಸಾಮಾನ್ಯವಾಗಿ ಹಾಕುವ ಆಸಿಡ್ ಬಣ್ಣಕ್ಕೆ 85ರಿಂದ 90 ಡಿಗ್ರಿ ಬಿಸಿ ಬೇಕು, ಸೋಡಾದ ಬದಲು ಹುಳಿ ಬೇಕು, ನೂಲನ್ನು ಲಡಿಯಲ್ಲೇ ಮೆತ್ತಗೆ ಆಡಿಸಬೇಕು. ನಿಮ್ಮ ಹೀಟರು ಅಲ್ಲಿ ಕೆಲಸಕ್ಕೆ ಬರುತ್ತದೆ. ಆ ದಿನ ಬಂದರೆ ಒಂದು ನೆನಪಿಡಿ: ಹೀಟರನ್ನು ಆನ್ ಆಫ್ ಮಾಡುವ ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೆ ಬಹಳ ಸಲ ಆನ್ ಆಗಿಯೇ ಉಳಿದುಬಿಡುತ್ತದೆ, ಪ್ರೋಗ್ರಾಂ ಎಷ್ಟು ಸಲ ಆಫ್ ಅಂದರೂ ಕೇಳುವುದಿಲ್ಲ. ಅದರ ಮೇಲೆ ಬೇರೆಯದೇ ಒಂದು ಥರ್ಮೋಸ್ಟಾಟು, ನೀರು ತಗ್ಗಿದರೆ ಕಡಿಯುವ ಫ್ಲೋಟ್ ಸ್ವಿಚ್ಚು ಇರಬೇಕು.

ಇನ್ನೊಂದು. ನವಿಲುಗರಿಯ ಆ ಟರ್ಕಾಯಿಸ್ ನೀಲಿ ಈ ತಣ್ಣನೆಯ ವಿಧಾನದಲ್ಲಿ ಹಟ ಮಾಡುತ್ತದೆ, ಅದಕ್ಕೆ ಬಿಸಿಯೇ ಬೇಕು. ಯಾರಾದರೂ ಆ ಬಣ್ಣಕ್ಕೆ ಆರ್ಡರ್ ಕೊಟ್ಟರೆ ಸದ್ಯ ಇಲ್ಲ ಅನ್ನಲು ಅಮ್ಮನಿಗೆ ಹೇಳಿ.